ಬೆಂಕಿ ಮಾತ್ರ ಜಪಾನಿನದು: ಚಹಾದ ಬೋಗುಣಿ ಮತ್ತು ನಾಯೆಶಿರೊಗಾವಾದ ಕುಂಬಾರರು

ಗಡಿಯಾಚೆಯ ಕನ್ನಡಿಗರ ಬಗ್ಗೆ ಮಾತಾಡುವ ಈ ಮಾಲೆಯಲ್ಲಿ ಜಪಾನಿನ ಚಹಾ ಯಾಕೆ ಅಂತ ಅಧ್ಯಾಪಕರು ಮೊದಲೇ ಕೇಳಿದ್ದರು. ಉತ್ತರ ಮಾತಿನ ನಡುವೆ ಬರುತ್ತದೆ.

ಈಗ ಜಪಾನಿಗೆ ಹೋಗುವವರಿಗೆ ಚಹಾ ಮತ್ತು ಕರಕುಶಲದ ಶಿಬಿರಗಳು ಸಿಗುತ್ತವೆ. ಎರಡು ಮೂರು ದಿನ ಒಂದು ಹಳ್ಳಿಯಲ್ಲಿ ಉಳಿಯುವುದು, ತತಾಮಿ ಚಾಪೆಯ ಮೇಲೆ ಮಂಡಿಯೂರಿ ಕೂತು ಹಸಿರು ಮಚ್ಚಾ ಕುಡಿಯುವುದು, ತಿಗರಿಯ ಮುಂದೆ ಕೂತು ತಾನೇ ಒಂದು ಬೋಗುಣಿ ಮಾಡಿ ನೋಡುವುದು. ಮೌನ, ಸರಳತೆ, ಪರಂಪರೆ ಎಂಬ ಮಾತುಗಳು ಅಲ್ಲಿ ಪದೇ ಪದೇ ಕೇಳುತ್ತವೆ. ಆ ಮಾತುಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕೈಯಲ್ಲಿರುವ ಬೋಗುಣಿ ಎಲ್ಲಿಂದ ಬಂತು ಅಂತ ಕೇಳಿದರೆ ಆ ಮೌನಕ್ಕೆ ಬೇರೆಯೇ ಅರ್ಥ ಬಂದುಬಿಡುತ್ತದೆ.

ಹಿನ್ನೆಲೆ ಚುಟುಕಾಗಿ ಹೇಳ್ತೇನೆ. ಚಹಾ ಕುಡಿಯುವ ರೂಢಿ ಚೀನಾದಿಂದ ಬಂದದ್ದು. 12ನೇ ಶತಮಾನದ ಕೊನೆಯಲ್ಲಿ ಅದನ್ನು ಮತ್ತೆ ನೆಲೆಗೊಳಿಸಿದವನು ಐಸಾಯ್ ಎಂಬ ಜೆನ್ ಭಿಕ್ಷು. ಮೊದಮೊದಲು ಚೀನಾದ ನುಣುಪು ಪಾತ್ರೆಗಳಿಗೇ ಬೆಲೆ. 16ನೇ ಶತಮಾನದಲ್ಲಿ ಸೆನ್ ನೊ ರಿಕ್ಯೂ (1522–1591) ಮತ್ತು ಅವನ ಹಿಂದಿನವರು ಈ ರುಚಿಯನ್ನು ತಿರುಗಿಸಿದರು. ಎರಡೇ ಚಾಪೆಯ ಕೋಣೆ, ತಲೆ ಬಗ್ಗಿಸಿ ತೆವಳಿ ಒಳಗೆ ಹೋಗುವ ಬಾಗಿಲು, ಒರಟು ಬೋಗುಣಿ. ಈ ಒರಟುತನಕ್ಕೆ ತಕ್ಕ ಬೋಗುಣಿಗಳು ಕೊರಿಯಾದಲ್ಲಿ ಸಿಕ್ಕವು. 'ಇದೊ' ಎಂದು ಕರೆಯುವ ಈ ಬೋಗುಣಿಗಳಲ್ಲಿ ಒಂದು, ಕಿಜಾಯೆಮೊನ್ ಎಂಬ ಹೆಸರಿನದು, ಕ್ಯೋಟೊದ ದಾಯ್‌ತೊಕುಜಿ ಮಠದ ಒಂದು ಉಪಮಠದಲ್ಲಿದೆ. ಇವತ್ತು ಅದು ರಾಷ್ಟ್ರೀಯ ನಿಧಿ. 1931ರಲ್ಲಿ ಅದನ್ನು ನೋಡಿದ ಯಾನಾಗಿ ಸೊಯೆತ್ಸು, ಇದು ಬಡವರ ಊಟದ ಬಟ್ಟಲು, ಮಾಡಿದವನಿಗೆ ಹೆಸರಿನ ಹಂಬಲವೇ ಇರಲಿಲ್ಲ, ಅದರಿಂದಲೇ ಈ ಚೆಲುವು ಎಂದು ವಾದಿಸಿದ. ಊಟದ ಬಟ್ಟಲು ಹೌದೋ ಅಲ್ಲವೋ ಅಂತ ವಿದ್ವಾಂಸರಲ್ಲಿ ಈಗಲೂ ಚರ್ಚೆ ಇದೆ. ನಿಜ ಹೇಳಬೇಕೆಂದರೆ, ಯಾನಾಗಿ ಕೊರಿಯನ್ನರ ಪರ ಮಾತಾಡಿದವನು. 1924ರಲ್ಲಿ ಸೋಲ್‌ನಲ್ಲಿ ಅವರ ಜನಪದ ಕಲೆಗೆ ಒಂದು ಸಂಗ್ರಹಾಲಯವನ್ನೇ ತೆರೆದ. ಆದರೂ ಬೋಗುಣಿಗೆ ಹೆಸರಿದ್ದು ಕುಂಬಾರನಿಗೆ ಇಲ್ಲದಿರುವುದನ್ನೇ ಒಂದು ಗುಣವೆಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ. ಕಿಜಾಯೆಮೊನ್ ಅನ್ನುವುದು ಅದನ್ನು ಇಟ್ಟುಕೊಂಡಿದ್ದ ವ್ಯಾಪಾರಿಯ ಹೆಸರು, ಮಾಡಿದವನದಲ್ಲ.

1592ರಿಂದ 1598ರವರೆಗೆ ತೊಯೊತೊಮಿ ಹಿದೆಯೊಶಿ ಕೊರಿಯಾದ ಮೇಲೆ ಎರಡು ಸಲ ದಂಡೆತ್ತಿ ಹೋದ. ರಿಕ್ಯೂವಿಗೆ ಹೊಟ್ಟೆ ಸೀಳಿಕೊಂಡು ಸಾಯಲು ಆಜ್ಞೆ ಕೊಟ್ಟವನೂ ಇವನೇ. ಯುದ್ಧ ಸೋತು ಮರಳುವಾಗ ಪಶ್ಚಿಮ ಜಪಾನಿನ ದೊರೆಗಳು ಹಡಗು ತುಂಬ ಕುಂಬಾರರನ್ನು ಹಿಡಿದು ತಂದರು. ಅರಿತಾ, ಹಾಗಿ, ಸತ್ಸುಮಾ ಅಂತ ಇವತ್ತು ನಾವು ಹೊಗಳುವ ಪಿಂಗಾಣಿ, ಮಣ್ಣಿನ ಪಾತ್ರೆಗಳ ಬುಡ ಇಲ್ಲಿದೆ. ಸತ್ಸುಮಾದ ಆರಂಭದ ಕೆಲವು ಬೋಗುಣಿಗಳಿಗೆ 'ಹಿಬಕಾರಿ' ಅಂತಾರೆ. ಅಂದರೆ 'ಬೆಂಕಿ ಮಾತ್ರ'. ಮಣ್ಣು ಕೊರಿಯಾದ್ದು, ಮೆರುಗಿನ ಲೇಪ ಕೊರಿಯಾದ್ದು, ಕೈಯೂ ಕೊರಿಯಾದ್ದೇ. ಆವೆಯ ಬೆಂಕಿಯೊಂದೇ ಜಪಾನಿನದು.

ಸತ್ಸುಮಾದ ಶಿಮಾಜು ಯೊಶಿಹಿರೊ ತಂದವರಲ್ಲಿ ಹಲವರು ನಾಯೆಶಿರೊಗಾವಾ ಎಂಬಲ್ಲಿ ನೆಲೆ ನಿಂತರು. ಕಾಗೊಶಿಮಾ ಪ್ರಾಂತ್ಯದ ಆ ಊರಿಗೆ ಈಗ ಮಿಯಾಮಾ ಅಂತ ಹೆಸರು. ದೊರೆಯ ಮನೆಗೆ ಬಿಳಿ ಪಾತ್ರೆ, ಜನಸಾಮಾನ್ಯರಿಗೆ ಕಪ್ಪು ಪಾತ್ರೆ ಮಾಡಿದರು. ಕೊರಿಯನ್ನರ ಮೂಲಪುರುಷ ದಂಗುನನಿಗೆ ತಾಮಾಯಾಮಾ ಗುಡಿ ಕಟ್ಟಿಕೊಂಡರು. ತಲೆಮಾರುಗಟ್ಟಲೆ ಕೊರಿಯನ್ ಹೆಸರು, ಉಡುಪು, ಮಾತು ಉಳಿದವು.

ಕೇಳಿದ ಕೂಡಲೇ ನಮ್ಮಂಥವರಿಗೆ ಸಂತೋಷ ಆಗುತ್ತದೆ, ಅಲ್ವಾ? ಕಾಸರಗೋಡಿನಲ್ಲಿ, ತಾಳವಾಡಿಯಲ್ಲಿ, ಜತ್ತದಲ್ಲಿ ಭಾಷೆ ಉಳಿಸಿಕೊಳ್ಳಲು ಒದ್ದಾಡುತ್ತಿರುವ ನಮಗೆ ಇದೊಂದು ಆದರ್ಶದ ಹಾಗೆ ಕಾಣುತ್ತದೆ. ಆದರೆ ಸ್ವಲ್ಪ ನಿಧಾನಿಸಿ. ಆ ಜನ ಕೊರಿಯನ್ನರಾಗಿಯೇ ಉಳಿಯಬೇಕು ಅನ್ನುವುದು ಸಂಸ್ಥಾನದ ಅಪ್ಪಣೆ. ಜಪಾನಿ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ, ಹೊರಗಿನವರ ಜತೆ ಮದುವೆಗೆ ಕಟ್ಟುಪಾಡು. ದೊರೆಯ ಸವಾರಿ ಬಂದಾಗ ಕೊರಿಯನ್ ಕುಣಿತ ತೋರಿಸಬೇಕು. ಕೊರಿಯಾದ ಹಡಗು ದಿಕ್ಕುತಪ್ಪಿ ಬಂದರೆ ದುಭಾಷಿಗಳು ಈ ಊರಿನವರೇ. ಅವರ ಭಾಷೆ ಸಂಸ್ಥಾನಕ್ಕೆ ಬೇಕಾಗಿತ್ತು, ಹಾಗಾಗಿ ಇತ್ತು. ಅದರ ಬದಲಿಗೆ ಸಮುರಾಯ್‌ಗಳಿಗೆ ಹತ್ತಿರದ ಮರ್ಯಾದೆ ಕೆಲವರಿಗೆ ಸಿಕ್ಕಿತ್ತು ಅನ್ನುವುದನ್ನೂ ಸೇರಿಸಬೇಕು.

1868ರ ನಂತರ ಎಲ್ಲ ತಲೆಕೆಳಗಾಯಿತು. ಹೊಸ ಸರಕಾರ ಇವರನ್ನು ಸಾಮಾನ್ಯ ಪ್ರಜೆಗಳ ಪಟ್ಟಿಯಲ್ಲಿ ಬರೆಯಿತು. ಸಂಸ್ಥಾನದ ಆಸರೆ ಹೋಯಿತು, ಆವೆಗಳು ಕಷ್ಟಕ್ಕೆ ಬಿದ್ದವು. 12ನೇ ಚಿನ್ ಜುಕಾನ್ ಮಾಡಿದ ದೊಡ್ಡ ಹೂದಾನಿಗಳು 1873ರ ವಿಯೆನ್ನಾ ಪ್ರದರ್ಶನದಲ್ಲಿ ಹೆಸರು ಮಾಡಿದವು, 'ಜಪಾನಿ ಕಲೆ'ಯೆಂದು. ಇತ್ತ ಊರಿನಲ್ಲಿ ಕೊರಿಯನ್ ಹೆಸರು ಒಂದು ಕಳಂಕವಾಗತೊಡಗಿತ್ತು. ಬೊಕು, ಅಂದರೆ ಪಾರ್ಕ್, ಮನೆತನದ ಒಬ್ಬ ಕುಂಬಾರ 1886ರಲ್ಲಿ ಹಣ ಕೊಟ್ಟು ಒಂದು ಸಮುರಾಯ್ ಕುಲದ ಹೆಸರನ್ನು ಕೊಂಡ: ತೊಗೊ. ಆಗ ಅವನ ಮಗನಿಗೆ ಇನ್ನೂ ಐದು ತುಂಬಿರಲಿಲ್ಲ. ಆ ಮಗು ತೊಗೊ ಶಿಗೆನೊರಿ. 1941ರಲ್ಲಿ ಅಮೆರಿಕದ ಜತೆ ಯುದ್ಧ ಶುರುವಾದಾಗಲೂ 1945ರಲ್ಲಿ ಶರಣಾದಾಗಲೂ ಜಪಾನಿನ ವಿದೇಶಾಂಗ ಮಂತ್ರಿ.

ಹೋಲಿಕೆಯನ್ನು ಎಳೆದಾಡಬಾರದು. ಅವರನ್ನು ಎತ್ತಿಕೊಂಡು ಹೋದರು. ಕಾಸರಗೋಡಿನ ನಾವು ಇದ್ದಲ್ಲೇ ಇದ್ದೆವು, 1956ರಲ್ಲಿ ಗಡಿಯೇ ನಮ್ಮನ್ನು ದಾಟಿ ಹೋಯಿತು. ಆದರೆ 'ಉಳಿಸುವುದು' ಎಂಬ ಕ್ರಿಯಾಪದವನ್ನು ಕರ್ತೃ ಇಲ್ಲದೆ ಬಳಸುವ ಅಭ್ಯಾಸ ನಮ್ಮ ಪ್ರಬಂಧಗಳಲ್ಲಿ ಬಹಳ ಇದೆ. ಯಾರು ಉಳಿಸಿದರು, ಯಾರ ಲಾಭಕ್ಕೆ, ಬೇಡ ಅನ್ನುವ ಹಕ್ಕು ಯಾರಿಗಿತ್ತು ಎಂಬುದನ್ನು ನಾಯೆಶಿರೊಗಾವಾದ ಉದಾಹರಣೆ ಬಿಡಿಸಿ ಕೇಳಿಸುತ್ತದೆ. ನಮ್ಮ ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಈ ಮೂರು ಪ್ರಶ್ನೆ ಸೇರಲಿ ಅನ್ನುವುದು ನನ್ನ ಸಲಹೆ.

ಮಿಯಾಮಾದ ಆವೆ ಈಗಲೂ ಉರಿಯುತ್ತಿದೆ, ಈಗಿನವರು 15ನೇ ಚಿನ್ ಜುಕಾನ್. 2019ರಲ್ಲಿ ತೀರಿಕೊಂಡ 14ನೆಯವರ ದಾಖಲೆಯ ಹೆಸರು ಒಸಾಕೊ ಕೆಯ್ಕಿಚಿ. ಕೊರಿಯಾದ ಶಿಮ್ ಕುಲವನ್ನು ಸೂಚಿಸುವ 'ಚಿನ್' ಅವರಿಗೆ ಬಂದದ್ದು ಕಸುಬಿನ ಹೆಸರಿನ ಜತೆ. ಬೋಗುಣಿಗಳಿಗೆ ಆ ಹೆಸರೇ.