ಕೃತಕ ಕಾಲಿನ ರಕ್ಷಾಕವಚ

ಕೃತಕ ಕಾಲಿನ ರಕ್ಷಾಕವಚ ಎಂಬುದು ಕೃತಕ ಕಾಲನ್ನು ನೀರು, ಕೆಸರು, ಧೂಳು ಹಾಗೂ ಪೆಟ್ಟುಗಳಿಂದ ಕಾಪಾಡಲು ಅದರ ಮೇಲೆ ತೊಡಿಸುವ ಹೊರಹೊದಿಕೆ. ಯಂತ್ರಶಾಸ್ತ್ರ, ಜೈವಿಕ ವೈದ್ಯಕೀಯ ಎಂಜಿನಿಯರಿಂಗ್ ಮತ್ತು ಕೈಗಾರಿಕಾ ವಿನ್ಯಾಸದ ವಿದ್ಯಾರ್ಥಿಗಳು ಇದನ್ನು ಪ್ರಾಜೆಕ್ಟ್‌ನ ವಿಷಯವಾಗಿ ಆರಿಸಿಕೊಳ್ಳುವುದುಂಟು.

ಅಗತ್ಯ

ಮಂಡಿಯ ಮೇಲ್ಭಾಗದಲ್ಲಿ ಕಾಲು ಕಳೆದುಕೊಂಡವರ ಕೃತಕ ಕಾಲಿನಲ್ಲಿ ಸಾಕೆಟ್, ಮಂಡಿಯ ಕೀಲು, ಭಾರ ಹೊರುವ ಕೊಳವೆ ಮತ್ತು ಪಾದ ಎಂಬ ನಾಲ್ಕು ಮುಖ್ಯ ಭಾಗಗಳಿರುತ್ತವೆ. ಕೀಲಿನೊಳಗೆ ಮರಳು ಸೇರಿದರೆ ಅದು ಬೇಗ ಸವೆಯುತ್ತದೆ. ತೇವ ನಿಂತರೆ ಉಕ್ಕಿನ ಭಾಗಗಳು ತುಕ್ಕು ಹಿಡಿಯುತ್ತವೆ. 1997ರಲ್ಲಿ ಬಂದ ಸಿ-ಲೆಗ್‌ನಂತಹ, ಮೈಕ್ರೊಪ್ರೊಸೆಸರ್ ನಿಯಂತ್ರಿತ ಮಂಡಿಗಳಲ್ಲಿ ಬ್ಯಾಟರಿ ಹಾಗೂ ಸಂವೇದಕಗಳೂ ಇರುತ್ತವೆ. ಕಾಲು ಕೆಟ್ಟರೆ ದುರಸ್ತಿಯಾಗುವವರೆಗೆ ಬಳಕೆದಾರರು ಊರುಗೋಲನ್ನೇ ನೆಚ್ಚಬೇಕು. ಗದ್ದೆಯಲ್ಲಿ ಅಥವಾ ಕಟ್ಟಡದ ಕೆಲಸದಲ್ಲಿ ದುಡಿಯುವವರಿಗೆ ಇದು ಆ ದಿನಗಳ ಕೂಲಿಯ ನಷ್ಟವೂ ಹೌದು.

ವಿನ್ಯಾಸ

ವಿನ್ಯಾಸವು ಬಳಕೆದಾರರೊಡನೆ ಮಾತುಕತೆಯಿಂದ ಆರಂಭವಾಗುತ್ತದೆ. ಅವರು ಎಲ್ಲಿ ನಡೆಯುತ್ತಾರೆ, ನೆಲದ ಮೇಲೆ ಕುಳಿತುಕೊಳ್ಳುತ್ತಾರೆಯೇ, ಏನನ್ನು ತೊಡುತ್ತಾರೆ ಎಂಬುದನ್ನು ಅವಲಂಬಿಸಿ ಅಗತ್ಯಗಳ ಪಟ್ಟಿ ಸಿದ್ಧವಾಗುತ್ತದೆ. ಮುಖ್ಯ ನಿಬಂಧನೆಗಳು ಹೀಗಿವೆ:

• ಹಗುರತೆ: ತೂಕವು ಪಾದದ ಕಡೆಗೆ ಸರಿದಷ್ಟೂ ಕಾಲನ್ನು ಬೀಸಿ ನಡೆಯುವ ಶ್ರಮ ಹೆಚ್ಚುತ್ತದೆ.
• ಚಲನೆ: ಮಂಡಿ ಮಡಚುವಾಗ ಕವಚ ಅಡ್ಡಬರಬಾರದು, ಸುಕ್ಕುಗಟ್ಟಿ ಕೀಲಿಗೆ ಸಿಕ್ಕಿಕೊಳ್ಳಬಾರದು.
• ಸರಳತೆ: ಬಳಕೆದಾರರು ಇತರರ ನೆರವಿಲ್ಲದೆ ಅದನ್ನು ತೊಟ್ಟು ತೆಗೆಯುವಂತಿರಬೇಕು, ತೊಳೆಯಲು ಸುಲಭವಾಗಿರಬೇಕು.
• ಗಾಳಿಯಾಟ: ಬೆವರು ಮತ್ತು ಬಿಸಿ ಒಳಗೇ ಉಳಿಯಬಾರದು.

ನೀರನ್ನು ಸಂಪೂರ್ಣ ತಡೆಯುವ ಕವಚವು ಗಾಳಿಯನ್ನೂ ತಡೆಯುವುದರಿಂದ ಈ ನಿಬಂಧನೆಗಳು ಪರಸ್ಪರ ವಿರುದ್ಧವಾಗುತ್ತವೆ. ಯಾವುದಕ್ಕೆ ಆದ್ಯತೆ ಎಂಬ ತೀರ್ಮಾನವೇ ಇಂತಹ ಪ್ರಾಜೆಕ್ಟ್‌ನ ತಿರುಳು.

ಪೆಟ್ಟು ತಡೆಯಲು ಗಟ್ಟಿ ಪ್ಲಾಸ್ಟಿಕ್, ಆಘಾತ ಹೀರಲು ಫೋಮ್, ನೀರು ತಡೆಯಲು ಸಿಲಿಕೋನ್ ಅಥವಾ ನಿಯೋಪ್ರೀನ್ ಬಳಸಲಾಗುತ್ತದೆ. ಒಂದೇ ಕಾಲು ಕಳೆದುಕೊಂಡವರಲ್ಲಿ ಇನ್ನೊಂದು ಕಾಲನ್ನು ಸ್ಕ್ಯಾನ್ ಮಾಡಿ, ಅದರ ಕನ್ನಡಿ ಪ್ರತಿಬಿಂಬದ ಆಕಾರದಲ್ಲಿ ಕವಚವನ್ನು ತ್ರೀ-ಡಿ ಮುದ್ರಣದಿಂದ ತಯಾರಿಸಬಹುದು.

ಪರೀಕ್ಷೆ

ವಿದ್ಯುತ್ ಉಪಕರಣಗಳ ಧೂಳು ಮತ್ತು ನೀರಿನ ತಡೆಯನ್ನು ಐಪಿ ಸಂಕೇತದಿಂದ ಸೂಚಿಸುತ್ತಾರೆ. ಐಪಿ67 ಎಂದರೆ ಧೂಳು ಒಳಸೇರದು ಮತ್ತು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಹಾನಿಯಾಗದು ಎಂದರ್ಥ. ಕಾಲಿನ ಭಾರ ಹೊರುವ ಭಾಗಗಳಿಗೆ ಐಎಸ್‌ಒ 10328 ಎಂಬ ಪ್ರತ್ಯೇಕ ಮಾನದಂಡವಿದ್ದು, ಅದರಲ್ಲಿ 30 ಲಕ್ಷ ಬಾರಿ ಭಾರ ಹೇರುವ ಪರೀಕ್ಷೆಯಿದೆ. ಕವಚವು ಈ ಭಾರವನ್ನು ಹೊರುವುದಿಲ್ಲ. ಆದ್ದರಿಂದ ಅದನ್ನು ಜೋಡಿಸಲು ಕೊಳವೆಗೆ ರಂಧ್ರ ಕೊರೆಯುವುದು ಅಪಾಯಕರ.

ಕವಚವಿಲ್ಲದ ಪರಿಹಾರಗಳು

ರಕ್ಷಣೆಯನ್ನು ಅಂಗದಲ್ಲಿಯೇ ಅಡಕಗೊಳಿಸುವುದು ಮತ್ತೊಂದು ಮಾರ್ಗ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ಶಸ್ತ್ರಚಿಕಿತ್ಸಕ ಡಾ. ಪಿ. ಕೆ. ಸೇಠಿ ಅವರು 1960ರ ದಶಕದಲ್ಲಿ ರೂಪಿಸಿದ ಜೈಪುರ ಪಾದವು ರಬ್ಬರಿನ ಹೊರಪದರ ಹೊಂದಿದೆ. ಇದನ್ನು ಧರಿಸಿ ಬರಿಗಾಲಿನಲ್ಲಿ ಕೆಸರುಗದ್ದೆಯಲ್ಲೂ ನಡೆಯಬಹುದು, ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಬಹುದು. ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಜೈಪುರದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯ ಸಹಯೋಗದಲ್ಲಿ ಅಗ್ಗದ ಜೈಪುರ ಮಂಡಿಯನ್ನು ರೂಪಿಸಿದರು. ಎಣ್ಣೆಯ ಅಂಶವಿರುವ ನೈಲಾನ್‌ನಿಂದ ಮಾಡಿದ ಈ ಕೀಲಿಗೆ ತುಕ್ಕಿನ ಭಯವಿಲ್ಲ. ಟೈಮ್ ಪತ್ರಿಕೆಯು ಇದನ್ನು 2009ರ ಅತ್ಯುತ್ತಮ ಆವಿಷ್ಕಾರಗಳ ಪಟ್ಟಿಗೆ ಸೇರಿಸಿತು.