ಆಡು ಮುಟ್ಟದ ಸೊಪ್ಪಿನ ಕಥೆ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬುದು ಗಾದೆ. ಈ ಗಾದೆಗೂ ಒಂದು ಅಪವಾದ ಉಂಟು. ಅದೇ ಆಡುಸೋಗೆ. ಇದರ ಕಹಿಗೆ ಆಡು ಕೂಡ ಮೂಸಿ ನೋಡಿ ಮುಂದೆ ಹೋಗುತ್ತದೆ. ದನಕರು ಮೇಯದ ಗಿಡವಾದ್ದರಿಂದಲೇ ಅದು ಬೇಲಿಗೆ ಹೇಳಿಮಾಡಿಸಿದಂತಾಯಿತು. ಮೂಗೂರು, ನಂಜನಗೂಡಿನಂಥ ಹಳೇ ಮೈಸೂರು ಸೀಮೆಯ ಊರುಗಳಲ್ಲಿ ನೆಗಡಿ ಎದೆಗಿಳಿದು ಕೆಮ್ಮು ಕಟ್ಟಿಕೊಂಡರೆ ಹಿತ್ತಿಲ ಬೇಲಿಯೇ ಔಷಧದ ಅಂಗಡಿ. ಎಲೆಯನ್ನು ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಕುಡಿಸುವುದು ಅಜ್ಜಿಯರ ಕ್ರಮ. ಯೂರೋಪಿನ ಹಳ್ಳಿಗರು ನೆಗಡಿಗೆ ಎಲ್ಡರ್‌ಬೆರಿ ಎಂಬ ಕಪ್ಪು ಹಣ್ಣಿನ ಪಾನಕ ಕಾಯಿಸುತ್ತಿದ್ದುದೂ ಹೀಗೆಯೇ.

ಸಂಸ್ಕೃತದಲ್ಲಿ ಇದಕ್ಕೆ ‘ವಾಸಾ’ ಎಂದು ಹೆಸರು. ಕೆಮ್ಮು, ಉಬ್ಬಸ, ರಕ್ತಪಿತ್ತಗಳಿಗೆ ಆಯುರ್ವೇದ ಇದನ್ನು ಹೇಳುತ್ತದೆ. ಮೈಸೂರಿನಲ್ಲಿ 1908ರಲ್ಲಿ ಆಯುರ್ವೇದ ಕಾಲೇಜು ಆರಂಭವಾಯಿತು. 1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರು. ‘ನಂಜನಗೂಡು ಹಲ್ಲುಪುಡಿ’ ಮನೆಮನೆಯ ಮಾತಾದದ್ದು ಅಲ್ಲಿಂದಲೇ. ಹಿತ್ತಿಲ ಮದ್ದು ಸೀಸೆ, ಪೊಟ್ಟಣಗಳಿಗೆ ಇಳಿದ ಕಾಲ ಅದು.

ಅಷ್ಟರಲ್ಲಾಗಲೇ ಆಡುಸೋಗೆ ಪ್ರಯೋಗಾಲಯ ಸೇರಿತ್ತು. ನಂಜನಗೂಡನ್ನು ಹಾದು ಹೋಗುವ ರಸ್ತೆಯ ಆ ತುದಿಯಲ್ಲಿರುವುದು ಊಟಿ. ಅಲ್ಲಿ ಮದ್ರಾಸ್ ಸರ್ಕಾರದ ಕ್ವಿನೈನ್ ತಜ್ಞನಾಗಿದ್ದ ಡೇವಿಡ್ ಹೂಪರ್, 1888ರಲ್ಲಿ ಈ ಎಲೆಯಲ್ಲಿರುವ ಕಹಿ ಕ್ಷಾರವನ್ನು ‘ವಾಸಿಸಿನ್’ ಎಂದು ವರದಿ ಮಾಡಿದ. ಮುಂದೆ ಅದೇ ವಾಸಿಸಿನ್ ಜಾಡು ಹಿಡಿದು ಜರ್ಮನಿಯ ರಸಾಯನಜ್ಞರು ಬ್ರಾಮ್‌ಹೆಕ್ಸಿನ್ ಎಂಬ ಕೃತಕ ಔಷಧ ತಯಾರಿಸಿದರು. 1963ರಲ್ಲಿ ಅದು ಬಳಕೆಗೆ ಬಂತು. ಅದರ ಮುಂದಿನ ಪೀಳಿಗೆ ಆಂಬ್ರಾಕ್ಸಾಲ್. ಇಂದು ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ಎಷ್ಟೋ ಕೆಮ್ಮಿನ ಸಿರಪ್ಪುಗಳ ಮೂಲಪುರುಷ ನಮ್ಮ ಬೇಲಿಯ ಗಿಡವೇ!

ಇಷ್ಟಾದರೂ ಒಂದು ಮಾತು ಮರೆಯುವಂತಿಲ್ಲ. ಈ ಔಷಧಗಳ ಕೆಲಸ ಕಫವನ್ನು ತೆಳುಮಾಡಿ ಹೊರಬರಲು ಅನುವು ಮಾಡಿಕೊಡುವುದು. ನೆಗಡಿಯ ವೈರಸ್ಸನ್ನು ಅವು ಕೊಲ್ಲುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ಮನೆಮನೆಯಲ್ಲೂ ಕಷಾಯ ಕುದಿಯಿತು. ‘ರೋಗನಿರೋಧಕ ಶಕ್ತಿ’ ಎಂಬ ಪದ ಪೊಟ್ಟಣಗಳ ಮೇಲೆ ರಾರಾಜಿಸಿತು. ಕೆಮ್ಮಿನ ಸೊಪ್ಪಿಗೆ ಆ ಬಿರುದು ಕೊಡಲು ಆಧಾರ ಸಾಲದು.

ಸೊಪ್ಪು ತಾನೇ ಎಂಬ ಉದಾಸೀನವೂ ಸಲ್ಲದು. ವಾಸಿಸಿನ್ನಿಗೆ ಗರ್ಭಕೋಶವನ್ನು ಸಂಕೋಚಗೊಳಿಸುವ ಗುಣವಿದೆ. ಆದ್ದರಿಂದ ಗರ್ಭಿಣಿಯರು ಆಡುಸೋಗೆಯ ಹತ್ತಿರ ಸುಳಿಯಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡದು. ಎರಡು ವಾರ ಮೀರಿದ ಕೆಮ್ಮಿಗೆ ಕಷಾಯ ನಂಬಿ ಕೂರದೆ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಬೇಕು. ಅದು ಕ್ಷಯವೂ ಆಗಿರಬಹುದು.

ಆಡುಸೋಗೆಯನ್ನು ಅಜ್ಜಿಯರು ಕೆಮ್ಮಿಗೆ ಕೊಟ್ಟರು, ಸರ್ವರೋಗಕ್ಕಲ್ಲ. ಬೇಲಿಯ ಗಿಡಕ್ಕೆ ಅಷ್ಟು ಗೌರವ ಸಾಕು.