ಬಾಣಂತಿಯ ಎಲೆ-ಅಡಿಕೆಗೆ ತಂಬಾಕು ಸೇರಿದ್ದು ಯಾವಾಗ?

ಹುಬ್ಬಳ್ಳಿ-ಧಾರವಾಡದ ಕಡೆ ಬಾಣಂತಿ ಸಿಗರೇಟು ಸೇದಿದ್ದನ್ನು ನಾನಂತೂ ನೋಡಿಲ್ಲ. ಆದರೆ ಊಟವಾದ ಮೇಲೆ ಎಲೆ-ಅಡಿಕೆ ಜೊತೆ ಚಿಟಿಕೆ ತಂಬಾಕು ಹಾಕಿಕೊಂಡು ಕೂಸಿಗೆ ಹಾಲೂಡಿಸುವವರನ್ನು ನೋಡಿದ್ದೇನೆ. ಬೇಡ ಅಂದರೆ "ಹಿರ್ಯಾರ ಕಾಲದಿಂದ ಬಂದದ್ದೈತಿ" ಅನ್ನುತ್ತಾರೆ. ನಿಜವಾ?

ಎಲೆ-ಅಡಿಕೆ ಹಳೆಯದು, ಒಪ್ಪೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ತಾಂಬೂಲಕ್ಕೆಂದೇ ಒಂದು ಭಾಗವಿದೆ. ಆದರೆ ತಂಬಾಕು ಅಮೆರಿಕದ ಗಿಡ. ಪೋರ್ಚುಗೀಸರ ಹಡಗು ಹತ್ತಿ ಇಲ್ಲಿಗೆ ಬಂದದ್ದು 1500ರ ನಂತರ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ನಮ್ಮ ಬಿಜಾಪುರದಲ್ಲೇ! ರತ್ನ ಕೂರಿಸಿದ ಕೊಳವೆ ಮಾಡಿಸಿ ಆಗ್ರಾಕ್ಕೆ ಒಯ್ದ. ಅಕ್ಬರ್ ಎರಡು-ಮೂರು ದಮ್ಮು ಎಳೆದ. ಹಕೀಮ ಬೇಡವೆಂದು ತಡೆದ.

ಅಂದರೆ ಈ ‘ಹಿರಿಯರ ಪದ್ಧತಿ’ಗೆ ನಾನೂರು-ಐನೂರು ವರ್ಷ, ಅಷ್ಟೇ...

ನಿಕೋಟಿನ್ ಹಾಲಿಗೆ ಇಳಿಯುತ್ತದೆಂದು ಹ್ಯಾಚರ್ ಮತ್ತು ಕ್ರಾಸ್ಬಿ 1927ರಲ್ಲೇ ಬರೆದರು. ತಾಯಿಯ ರಕ್ತಕ್ಕಿಂತ ಹಾಲಿನಲ್ಲೇ ಅದು ಎರಡು-ಮೂರು ಪಟ್ಟು ಹೆಚ್ಚು. ಸೇದಿದರೂ ಅಗಿದರೂ ಇಳಿಯುವುದು ಅದೇ ನಿಕೋಟಿನ್. ಕೂಸಿನ ನಿದ್ದೆ ಕೆಡುತ್ತದೆ. ಮನೆಯ ಗಂಡಸರು ಒಳಗೇ ಕೂತು ಸೇದುವ ಬೀಡಿ ಹೊಗೆ ಬೇರೆ!

ಹಾಗಂತ ಎದೆಹಾಲು ಬಿಡಿಸಬೇಡಿ. ಚಟವಿದ್ದ ತಾಯಿಯ ಕೂಸಿಗೂ ಎದೆಹಾಲೇ ಮೇಲು ಅನ್ನುತ್ತಾರೆ ವೈದ್ಯರು. ಬಿಡಿಸಬೇಕಾದ್ದು ತಂಬಾಕು. ಅದಕ್ಕೆ ಸರಕಾರದ ಉಚಿತ ಸಹಾಯವಾಣಿ ಇದೆ: 1800-11-2356.

ನಿಮ್ಮ ಕಡೆ ಬಾಣಂತನದಲ್ಲಿ ಈ ರೂಢಿ ಇದೆಯಾ? ಬರೆಯಿರಿ.